ಅಮ್ಮನ ಹೆಸರಿನಲ್ಲೊಂದು ವ್ರತ

ಶ್ರಾವಣ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರದ ಕಡೆ ಹೆಂಗಸರಿಗೆ ಒಪ್ಪೊತ್ತಿನ ಕಾಲ. ಸೋಮವಾರ ಶಿವನಿಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ತಿಮ್ಮಪ್ಪನಿಗೆ. ದೇವರು ಯಾರೇ ಆಗಲಿ, ಬೇಡಿಕೊಳ್ಳುವುದು ಗಂಡನ ಆಯುಸ್ಸು, ಮಕ್ಕಳ ವಿದ್ಯೆ, ಮನೆಯ ಬೆಳೆ. ಮನೆಯ ತಾಯಿ ಬೆಳಗಿನಿಂದ ಒಂದು ಲೋಟ ಕಾಫಿಯನ್ನೂ ಮುಟ್ಟದೆ ಮನೆಮಂದಿಗೆಲ್ಲ ಹೋಳಿಗೆ ತಟ್ಟುತ್ತಾಳೆ, ಹೂರಣದ ರುಚಿಯನ್ನೂ ನೋಡುವುದಿಲ್ಲ. ಅದೇ ತಾಯಿಗೆ ಡಾಕ್ಟರು ‘ಸ್ವಲ್ಪ ತೂಕ ಇಳಿಸಮ್ಮ, ಶುಗರ್ ಅಂಚಿನಲ್ಲಿದೆ’ ಅಂದರೆ, ‘ಬಾಯಿ ಕಟ್ಟೋದು ನನ್ನ ಕೈಲಾಗಲ್ಲ ಡಾಕ್ಟ್ರೇ’ ಅನ್ನುತ್ತಾಳೆ. ನನಗೆ ಈ ಮಾತಿನಲ್ಲಿ ನಂಬಿಕೆಯಿಲ್ಲ. ಬಾಯಿ ಕಟ್ಟುವುದು ಅವಳಷ್ಟು ಚೆನ್ನಾಗಿ ಬಲ್ಲವರು ಮನೆಯಲ್ಲಿ ಇನ್ನೊಬ್ಬರಿಲ್ಲ. ತನ್ನ ಹೆಸರು ಹೇಳಿ ಒಂದು ದಿನವೂ ಕಟ್ಟಿಲ್ಲ, ಅಷ್ಟೇ.

ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಬೆಳೆ ಇರುವ ಮನೆಗೆ ಹೋಗಿ ನೋಡಬೇಕು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ಹುಳು ಗೂಡು ಕಟ್ಟುವ ಮುಂಚೆ ಒಂದು ವಾರ ಬಿಡದೆ ಮೇಯುತ್ತದೆ. ಜೀವಮಾನದಲ್ಲಿ ಅದು ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹೋಗುವುದು ಈ ಒಂದು ವಾರದಲ್ಲೇ. ಹೊತ್ತು ತಪ್ಪುವಂತಿಲ್ಲ, ಒಣಗಿದ ಸೊಪ್ಪು ಹಾಕುವಂತಿಲ್ಲ, ಒದ್ದೆ ಸೊಪ್ಪಂತೂ ಕೂಡದು. ಹುಳು ಮನೆಯ ಕಾವು, ಗಾಳಿ, ಚೊಕ್ಕಟ ಎಲ್ಲದರ ಮೇಲೂ ಆ ಮನೆಯ ತಾಯಿಯ ಕಣ್ಣು. ರಾತ್ರಿಯ ಸೊಪ್ಪು ಹಾಕಿ, ಎಲ್ಲರೂ ಉಂಡು ಮಲಗಿದ ಮೇಲೆ, ಹತ್ತು ದಾಟಿದ ಹೊತ್ತಿನಲ್ಲಿ ಅವಳು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ. ತಣ್ಣಗಾದ ಅನ್ನ, ಸಾರಿನ ತಳದ ಗಟ್ಟಿ, ಮಗಳು ಬಿಟ್ಟೆದ್ದ ಅರ್ಧ ಮುದ್ದೆ. ಉಗುರಿನ ಸಂದಿಯಲ್ಲಿ ಸೊಪ್ಪಿನ ಹಸಿರು ಇನ್ನೂ ಹೋಗಿಲ್ಲ. ಆ ಮನೆಯಲ್ಲಿ ಹೊತ್ತಿಗೆ ಸರಿಯಾಗಿ, ಹದವಾಗಿ, ತಾಜಾ ಆಹಾರ ಸಿಕ್ಕಿದ್ದು ಹುಳುವಿಗೆ. ಹುಳು ಹೊಟ್ಟೆಪಾಡು, ಅದನ್ನು ಬಿಡು ಅನ್ನಲಾರೆ. ಆದರೆ ಒಂದು ಜೀವವನ್ನು ಹೇಗೆ ಸಾಕಬೇಕೆಂದು ಇಷ್ಟು ಬಲ್ಲವಳ ಲೆಕ್ಕದಲ್ಲಿ ತನ್ನ ಜೀವ ಬರಲೇ ಇಲ್ಲವಲ್ಲ ಎಂಬುದು ನನ್ನ ಸಂಕಟ.

‘ನಾಕು ತುತ್ತು ಮಿಕ್ಕೈತೆ, ಬಿಸಾಕಕ್ಕೆ ಮನಸ್ಸು ಬರಲ್ಲ ಕಣಮ್ಮ’ — ಈ ಮಾತು ಕೇಳದ ಮನೆಯಿಲ್ಲ. ಅನ್ನ ಚೆಲ್ಲಬಾರದು ಎನ್ನುವುದು ದೊಡ್ಡ ಸಂಸ್ಕಾರ, ಬರಗಾಲ ಕಂಡ ಸೀಮೆಯ ಸಂಸ್ಕಾರ. ಆದರೆ ಹಸಿವಿಲ್ಲದೆ ಉಂಡ ಅನ್ನವೂ ದಂಡವೇ. ತಿಪ್ಪೆಗೆ ಹೋಗಬೇಕಿದ್ದದ್ದು ಅಮ್ಮನ ಸೊಂಟಕ್ಕೆ ಹೋಯಿತು. ಅನ್ನಕ್ಕೆ ಮರ್ಯಾದೆ ಕೊಡುವುದಾದರೆ ಒಲೆಯ ಮೇಲೆ ಇಡುವಾಗಲೇ ಒಂದು ಹಿಡಿ ಅಕ್ಕಿ ಕಡಿಮೆ ಇಡಬೇಕು, ಉಳಿದದ್ದನ್ನು ಎಲ್ಲರೂ ಹಂಚಿಕೊಂಡು ಮುಗಿಸಬೇಕು. ಅದು ಒಬ್ಬಳ ಪಾಲಿನ ಪುಣ್ಯಕಾರ್ಯ ಆಗಬಾರದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015–16ರಲ್ಲಿ ನಡೆದಾಗ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 23 ಮಂದಿಗೆ ಅತಿತೂಕವಿತ್ತು. 2019–21ರಲ್ಲಿ ಅದು 30ರ ಆಸುಪಾಸಿಗೆ ಬಂತು. ಅದೇ ಸಮೀಕ್ಷೆ, ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಎಂದೂ ಹೇಳುತ್ತದೆ. ಮೈ ತುಂಬಿಕೊಂಡಿದೆ, ರಕ್ತ ಮಾತ್ರ ಇಲ್ಲ. ಹೊಟ್ಟೆ ತುಂಬಿಸುವುದು ಅನ್ನ ಮತ್ತು ಸಕ್ಕರೆ ಹಾಕಿದ ಟೀ. ಕಾಳು, ಸೊಪ್ಪು, ಮೊಟ್ಟೆ ಬಡಿಸುತ್ತ ಬಡಿಸುತ್ತ ಅವಳ ಸರದಿಗೆ ಮುಗಿದಿರುತ್ತವೆ. ಇಂಥವಳಿಗೆ ‘ಊಟ ಬಿಡು’ ಅನ್ನುವುದು ತಪ್ಪು. ಮೊದಲು ಒಳ್ಳೆಯದನ್ನು ಉಣ್ಣು ಅನ್ನಬೇಕು.

ಹಿಂದಿನವರು ಬೀಸಿ, ಕುಟ್ಟಿ, ನೀರು ಸೇದಿ ಗಟ್ಟಿಮುಟ್ಟಾಗಿದ್ದರು ಎಂದು ಹೇಳುವವರಿದ್ದಾರೆ. ಆ ಮಾತಿಗೆ ನಾನು ತಲೆಯಾಡಿಸುವುದಿಲ್ಲ. ಹೆರಿಗೆಯ ಮೇಲೆ ಹೆರಿಗೆ, ಅರೆಹೊಟ್ಟೆ, ಬಿಡುವಿಲ್ಲದ ದುಡಿತ. ಅವರ ಸಪೂರ ಮೈಯನ್ನು ಆರೋಗ್ಯ ಎಂದು ಕರೆಯಲು ಮನಸ್ಸು ಬಾರದು. ಅವರು ಉಂಡ ರಾಗಿಯ ವಿಷಯದಲ್ಲೂ ನಿಜ ಹೇಳಿಬಿಡಬೇಕು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶ, ನಾರಿನಂಶವೂ ಧಾರಾಳ. ಬಿಳಿ ಅಕ್ಕಿಯಲ್ಲಿ ಇವೆರಡೂ ಲೆಕ್ಕಕ್ಕಿಲ್ಲದಷ್ಟು. ಕ್ಯಾಲೊರಿ ಮಾತ್ರ ಅಕ್ಕಿಗಿಂತ ಅಷ್ಟೇನೂ ಕಡಿಮೆಯಿಲ್ಲ. ಎರಡು ದಪ್ಪ ಮುದ್ದೆಯ ಮೇಲೆ ಮತ್ತೆ ಅನ್ನ ಕಲಸಿದರೆ ತೂಕ ಇಳಿಯದು. ಒಂದು ಸಣ್ಣ ಮುದ್ದೆ, ಬಟ್ಟಲು ತುಂಬ ಹುರುಳಿಕಾಳಿನ ಬಸ್ಸಾರು, ಬಸಿದ ಸೊಪ್ಪು ಕಾಳಿನ ಪಲ್ಯ, ಅದೂ ಎಂಟು ಗಂಟೆಯೊಳಗೆ — ನಮ್ಮ ಸೀಮೆಯ ಅಡುಗೆಯಲ್ಲೇ ಇದೆಲ್ಲ ಇದೆ, ಪೇಟೆಯ ಪುಡಿ ಡಬ್ಬಿ ತರಬೇಕಿಲ್ಲ.

ತಕ್ಕಡಿಯ ಮುಳ್ಳು ಅಲುಗದೆ ಎದೆಗುಂದಿದವರಿಗೆ ಚೆನ್ನೈನ ಒಂದು ಅಧ್ಯಯನದ ಕತೆ ಹೇಳಬೇಕು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಊಟದ ಹದ, ನಡಿಗೆ ಹೇಳಿಕೊಟ್ಟಾಗ ಕಾಯಿಲೆಗೆ ಬೀಳುವುದು ನೂರಕ್ಕೆ 28ರಷ್ಟು ತಗ್ಗಿತು. ಅಚ್ಚರಿಯೆಂದರೆ ಅವರ ಸರಾಸರಿ ತೂಕ ಇಳಿದೇ ಇರಲಿಲ್ಲ! ಕಿಲೋ ಕಾಣದಿದ್ದರೂ ಮೈಯೊಳಗೆ ಕೆಲಸ ನಡೆದಿತ್ತು. ತಕ್ಕಡಿಗಿಂತ ಅಳತೆ ಟೇಪು ವಾಸಿ. ನಮ್ಮ ದೇಶದ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ದಾಟಿದರೆ ಎಚ್ಚರವಾಗಬೇಕು ಎನ್ನುತ್ತಾರೆ ವೈದ್ಯರು.

ಇನ್ನು ಸಮಯ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿ 1962ರವರೆಗೆ, ನೂರು ದಾಟಿ ಬಾಳಿದರು. ಅವರ ಮಿತ ಊಟ, ನಡಿಗೆ, ವೇಳೆಯ ಶಿಸ್ತನ್ನು ಇಲ್ಲಿನ ಮಕ್ಕಳಿಗೆ ಪಾಠ ಹೇಳದ ಮೇಷ್ಟ್ರಿಲ್ಲ. ಹೇಳಬೇಕಾದ್ದೇ. ಆದರೆ ವೇಳೆಯ ಶಿಸ್ತು ಬೇಕಾದರೆ ವೇಳೆ ಮೊದಲು ತನ್ನದಾಗಿರಬೇಕು. ಗೌರಿಬಿದನೂರಿನಿಂದ ಗಾರ್ಮೆಂಟ್ಸ್ ಕೆಲಸಕ್ಕೆ ನಸುಕಿನಲ್ಲೇ ಹೊರಡುವ ತಾಯಿ, ಚಿಂತಾಮಣಿಯ ತೋಟಗಳಲ್ಲಿ ಬಗ್ಗಿ ಟೊಮೆಟೊ ಬಿಡಿಸುವವಳು, ಚಿಕ್ಕಬಳ್ಳಾಪುರದ ಕಚೇರಿಯಿಂದ ಬಂದು ಮಗನ ಹೋಂವರ್ಕಿಗೆ ಕೂರುವವಳು — ಇವರ ದಿನದಲ್ಲಿ ಅರ್ಧ ಗಂಟೆಯನ್ನು ಇನ್ನೊಬ್ಬರು ಬಿಟ್ಟುಕೊಡದೆ ಸಿಗುವುದಿಲ್ಲ. ಗಂಡ ಸಂಜೆ ಪಾತ್ರೆ ತೊಳೆದರೆ, ಅತ್ತೆ ಮಗುವನ್ನು ಎತ್ತಿಕೊಂಡರೆ, ಅವಳು ಒಂದು ಸುತ್ತು ನಡೆದು ಬರಬಹುದು. ರಸ್ತೆಯಲ್ಲಿ ಯಾರಾದರೂ ‘ಇವಳಿಗೆ ಮನೇಲಿ ಕೆಲಸ ಇಲ್ವಾ?’ ಅಂದಾಗ ಉತ್ತರ ಹೇಳಬೇಕಾದವರು ಆ ಮನೆಯವರು. ಉಣ್ಣುವಾಗ ಅವಳನ್ನೂ ಕೂರಿಸಿಕೊಂಡು, ಬೇಕಾದ್ದನ್ನು ತಾವೇ ಬಡಿಸಿಕೊಂಡರೆ ಅರ್ಧ ಪಥ್ಯ ಅಲ್ಲೇ ಆದಂತೆ.

ಬಸುರಿಯಿದ್ದಾಗ ಸಕ್ಕರೆ ಅಂಶ ಏರಿದ್ದ ತಾಯಂದಿರ ವಿಷಯ ಬೇರೆಯಾಗಿಯೇ ಹೇಳಬೇಕು. ಹೆರಿಗೆಯಾದ ಮೇಲೆ ಅದು ಸಾಮಾನ್ಯವಾಗಿ ಇಳಿಯುತ್ತದೆ, ಎಲ್ಲರೂ ಮರೆಯುತ್ತಾರೆ. ಮುಂದೆ ಕಾಯಿಲೆ ಬರುವ ಸಾಧ್ಯತೆ ಮಾತ್ರ ಉಳಿದವರಿಗಿಂತ ಬಹಳ ಹೆಚ್ಚು. ಆರು ವಾರಕ್ಕೆ ಮತ್ತೊಮ್ಮೆ ಪರೀಕ್ಷೆ ಆಗಬೇಕು, ಆಮೇಲೂ ಆಗಾಗ ಆಗುತ್ತಿರಬೇಕು. ಆ ಆರು ವಾರ ಎಂದರೆ ಮಗುವಿನ ಒಂದೂವರೆ ತಿಂಗಳ ಚುಚ್ಚುಮದ್ದಿನ ಹೊತ್ತೇ. ಆ ದಿನವನ್ನು ಯಾವ ತಾಯಿಯೂ ತಪ್ಪಿಸುವುದಿಲ್ಲ. ಮಗುವಿನ ಜೊತೆ ಹೋದವಳು ತನ್ನ ತಾಯಿ ಕಾರ್ಡನ್ನೂ ಚೀಲಕ್ಕೆ ಹಾಕಿಕೊಂಡು, ಸಕ್ಕರೆ ಪರೀಕ್ಷೆಗೆ ಏನು ಸಿದ್ಧತೆ ಬೇಕೆಂದು ಆಶಾ ಕಾರ್ಯಕರ್ತೆಯನ್ನು ಮುಂಚೆಯೇ ಕೇಳಿಕೊಂಡು, ತನ್ನ ರಕ್ತವನ್ನೂ ಕೊಟ್ಟು ಬರಲಿ. ಜೊತೆಗೆ ಹೋಗುವ ಗಂಡನೋ ಅತ್ತೆಯೋ ಅದನ್ನು ನೆನಪಿಸಲಿ.