ಒಕ್ಕಲಿಲ್ಲದ ಸೆರೆಮನೆ

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥಸ್ವಾಮಿಯ ದರ್ಶನ ಮುಗಿಸಿ, ಬಿಸಿಲೇರುವ ಮೊದಲು ನಿಮಿಷಾಂಬೆಯ ಕಡೆಗೋ ಸಂಗಮದ ಕಡೆಗೋ ಹೊರಟುಬಿಡುತ್ತಾರೆ. ದೇವಸ್ಥಾನದ ಉತ್ತರಕ್ಕೆ, ಹೊಳೆಯ ದಿಕ್ಕಿನಲ್ಲಿ, ಕೋಟೆಗೋಡೆಯ ಮಗ್ಗುಲಲ್ಲೇ ಇರುವ ಸೆರೆಮನೆಗೆ ಇಳಿಯುವವರು ಕಡಿಮೆ. ಇಳಿಯುವುದು ಎಂದೇ ಹೇಳಬೇಕು. ಅದು ನೆಲಮಟ್ಟದಿಂದ ಕೆಳಗಿದೆ. ಹತ್ತಿರ ಹೋಗುವ ತನಕ ಅಲ್ಲೊಂದು ಕಟ್ಟಡವಿದೆ ಎಂದು ಗೊತ್ತೇ ಆಗುವುದಿಲ್ಲ.

ಕರ್ನಲ್ ಬೈಲಿ ಡಂಜನ್ ಎಂದು ಅದರ ಹೆಸರು. ಉದ್ದ 30.5 ಮೀಟರ್, ಅಗಲ 12.2 ಮೀಟರ್. ಇಟ್ಟಿಗೆ ಗಾರೆಯ ಕಮಾನುಗಳು, ಸುಣ್ಣ ಬಳಿದ ಗೋಡೆಗಳು. ಗೋಡೆಯುದ್ದಕ್ಕೂ ಅಲ್ಲಲ್ಲಿ ಕಲ್ಲಿನ ಹಲಗೆಗಳನ್ನು ಹೊರಚಾಚುವಂತೆ ಹುಗಿದಿದ್ದಾರೆ. ಕಲ್ಲಿಗೊಂದು ತೂತು. ಕೈದಿಯ ಕೈಗೆ ಹಾಕಿದ ಸರಪಳಿಯನ್ನು ಆ ತೂತಿಗೆ ಬಿಗಿಯುತ್ತಿದ್ದರಂತೆ. ನಾನೊಂದು ತೂತಿನ ಅಂಚಿಗೆ ಬೆರಳಿಟ್ಟು ನೋಡಿದೆ. ನುಣ್ಣಗಿತ್ತು. ಸರಪಳಿ ಉಜ್ಜಿ ನುಣ್ಣಗಾಯಿತೋ, ಇನ್ನೂರು ಚಿಲ್ಲರೆ ವರ್ಷ ನನ್ನಂಥವರು ಬೆರಳಾಡಿಸಿ ನುಣ್ಣಗಾಯಿತೋ! ನೆಲದ ಮೇಲೆ ಒಂದು ಫಿರಂಗಿ ಬಿದ್ದಿದೆ. 1799ರ ಮುತ್ತಿಗೆಯಲ್ಲಿ ಮೇಲಿನಿಂದ ಚಾವಣಿ ಒಡೆದುಕೊಂಡು ಒಳಗೆ ಬಿದ್ದದ್ದು ಎನ್ನುತ್ತಾರೆ. ಬಿದ್ದಲ್ಲೇ ಇದೆ.

ಹೊರಗೆ ಬಂದು ಎಳನೀರು ಕುಡಿಯುತ್ತ ನಿಂತಿದ್ದೆ. ಮಾರುತ್ತಿದ್ದ ಹಿರಿಯರನ್ನು ಕೇಳಿದೆ: "ಯಜಮಾನರೇ, ಇಲ್ಲಿಗೆ ಜನ ಬರುತ್ತಾರಾ?"

"ಬತ್ತರೆ, ಫೋಟೊ ತಕ್ಕೊಂಡು ಹೋಯ್ತರೆ" ಎಂದರು. ಮಚ್ಚು ಒರೆಸಿಕೊಂಡು ಮತ್ತೆ ಹೇಳಿದರು: "ಗುಡಿ ಗೋಡೇಲಿ ಒಂದ್ ಕಲ್ಲು ಜರುಗಿದ್ರೆ ಊರೇ ಎದ್ದು ನಿಂತ್ಕತದೆ ಸಾಮಿ. ಈ ಜೈಲಿಗೆ ಯಾರವ್ರೆ? ಇದಕ್ಕೇನು ಒಕ್ಕಲವ್ರಾ?"

ನಮ್ಮ ಕಡೆ ಒಂದೊಂದು ದೇವರಿಗೂ ಒಕ್ಕಲಿರುತ್ತದೆ. ಮೇಲುಕೋಟೆಗೆ, ಬೇಬಿಬೆಟ್ಟಕ್ಕೆ, ಊರೂರಿನ ಮಾರಮ್ಮನಿಗೆ ನಡೆದುಕೊಳ್ಳುವ ಮನೆತನಗಳಿವೆ. ಗುಡಿ ಸೋರಿದರೆ ಅವರು ಹಣ ಕೂಡಿಸುತ್ತಾರೆ, ಜಾಗಕ್ಕೆ ಯಾರಾದರೂ ಕೈಹಾಕಿದರೆ ಅಡ್ಡ ನಿಲ್ಲುತ್ತಾರೆ. ಸೆರೆಮನೆಗೆ ಯಾರು ನಡೆದುಕೊಳ್ಳುತ್ತಾರೆ? ಆ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಸೆರೆಮನೆಯ ಹೆಸರಿನಲ್ಲಿರುವ ಬೈಲಿಯ ಕಥೆ ಪುಸ್ತಕಗಳಲ್ಲಿದೆ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕಂಪನಿಯ ಪಡೆ ಹೈದರ್ ಮತ್ತು ಟಿಪ್ಪುವಿನ ಎದುರು ಸೋತಿತು. ಸೇನಾನಿ ವಿಲಿಯಂ ಬೈಲಿ ಸೆರೆಸಿಕ್ಕ. ಎರಡು ವರ್ಷದ ನಂತರ, 1782ರ ನವೆಂಬರ್ 13ರಂದು, ಈ ದ್ವೀಪದಲ್ಲೇ ಸತ್ತ. ಅವನನ್ನು ಹಿಡಿದ ಹೈದರ್ ತೀರಿಕೊಂಡದ್ದು ಅದೇ ಡಿಸೆಂಬರ್ 7ರಂದು, ಇನ್ನೂ ತಿಂಗಳು ತುಂಬಿರಲಿಲ್ಲ. ಹೈದರನ ಸಮಾಧಿ ಗುಂಬಜ್‌ನಲ್ಲಿದೆ. 1816ರಲ್ಲಿ ಬೈಲಿಯ ಅಣ್ಣತಮ್ಮಂದಿರ ಮಗನೊಬ್ಬ ತನ್ನ ಬಂಧುವಿಗೆ ಸ್ಮಾರಕ ಕಟ್ಟಿಸಿದ್ದೂ ಅದೇ ಗುಂಬಜ್‌ನ ಹತ್ತಿರ. ಇನ್ನು ದರಿಯಾ ದೌಲತ್ತಿನ ಗೋಡೆಯಲ್ಲಿ ಪೊಳ್ಳಿಲೂರಿನ ಕಾಳಗವನ್ನೇ ಬರೆದಿದ್ದಾರೆ. ಪಲ್ಲಕ್ಕಿಯೊಳಗೆ ಬೈಲಿ ಕೂತಿದ್ದಾನೆ. ಒಬ್ಬ ಮನುಷ್ಯನ ಸೋಲಿನ ಚಿತ್ರ, ಅವನ ಹೆಸರಿನ ಸೆರೆಮನೆ, ಅವನ ನೆನಪಿನ ಕಲ್ಲು, ಅವನನ್ನು ಗೆದ್ದವನ ಗೋರಿ, ಇಷ್ಟೂ ಒಂದೇ ದ್ವೀಪದಲ್ಲಿ, ಒಂದು ಬೆಳಗಿನ ನಡಿಗೆಯಲ್ಲಿ ಸಿಗುತ್ತವೆ. ಇಂಥ ಜಾಗ ಇನ್ನೆಲ್ಲಿದೆ?

ಆ ಕೈದಿಗಳ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿಕ್ಕ ಸಂಗತಿ. ಕ್ಯಾಪ್ಟನ್ ಡೇವಿಡ್ ಬೇರ್ಡ್ ಗಾಯಗೊಂಡಿದ್ದ. ಕೈದಿಗಳಿಗೆ ಬೇಡಿ ತೊಡಿಸುವ ಹೊತ್ತಿನಲ್ಲಿ, ಅವನ ಗಾಯ ನೋಡಲಾರದೆ, ಲೂಕಾಸ್ ಎಂಬ ಜತೆಗಾರ ಅವನ ಪಾಲಿನ ಬೇಡಿಯನ್ನೂ ತನಗೇ ಹಾಕಿ ಎಂದನಂತೆ. ಬೇರ್ಡ್ ಬದುಕಿ ಉಳಿದ. 1784ರ ಮಂಗಳೂರು ಒಪ್ಪಂದದ ಮೇಲೆ ಬಿಡುಗಡೆಯಾದ. 1799ರ ಮೇ 4ರಂದು ಕೋಟೆಯ ಬಿರುಕಿಗೆ ನುಗ್ಗಿದ ಪಡೆಯ ಮುಂದಾಳಾಗಿ ಅದೇ ಊರಿಗೆ ಮರಳಿದ. ಟಿಪ್ಪು ಬಿದ್ದದ್ದು ಅಂದೇ. ಗೆದ್ದು ಬಂದ ಬೇರ್ಡ್‌ನ ಹೆಸರು ಚರಿತ್ರೆಯಲ್ಲಿ ದೊಡ್ಡದಾಗಿ ನಿಂತಿತು. ಎರಡು ಬೇಡಿ ಹೊತ್ತವನ ಹೆಸರು ಬಲ್ಲವರು ಎಷ್ಟು ಮಂದಿ?

ಹಾಗೆಂದು ಇದು ಬರೀ ಬಿಳಿಯರ ನೋವಿನ ಜಾಗ ಎಂದುಕೊಂಡರೆ ತಪ್ಪಾಗುತ್ತದೆ. ಕೈದಿಗಳನ್ನೆಲ್ಲ ನೆಲಮಾಳಿಗೆಯಲ್ಲಿ ಇಟ್ಟಿರಲಿಲ್ಲ. ಊರೊಳಗೆ ಗೋಡೆ ಸುತ್ತಿದ ಆವರಣಗಳಲ್ಲೂ ಕೂಡಿಹಾಕಿದ್ದರು. ಆ ಕಾಲದಲ್ಲಿ ಕಾವೇರಿ ಸುತ್ತುವರಿದ ಈ ದ್ವೀಪವೇ ಒಂದು ಸೆರೆಶಿಬಿರ. 1784ರಲ್ಲಿ ಮಂಗಳೂರಿನ ಕಡೆಯ ಕ್ರೈಸ್ತರನ್ನು ಸಂಸಾರ ಸಮೇತ ಘಟ್ಟ ಹತ್ತಿಸಿ ಇಲ್ಲಿಗೆ ನಡೆಸಿಕೊಂಡು ಬಂದರು. ಎಷ್ಟು ಸಾವಿರ ಜನ ಎಂಬುದರ ಬಗ್ಗೆ ವಾದವಿದೆ, ದಾರಿಯಲ್ಲೇ ಬಹಳ ಮಂದಿ ಸತ್ತರು ಎಂಬುದರ ಬಗ್ಗೆ ಇಲ್ಲ. ಕೊಡಗಿನಿಂದ ಹಿಡಿದು ತಂದವರೂ ಇದ್ದರು. ಒಡೆಯರ ಮನೆತನವೇ ಇದೇ ಊರಲ್ಲಿ ಕಾವಲಿನಲ್ಲಿತ್ತು. 1799ರ ಜೂನ್ 30ರಂದು ಮೈಸೂರಿನಲ್ಲಿ ಪಟ್ಟಕ್ಕೇರಿದ, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರು ಅಲ್ಲಿಯವರೆಗೆ ಕಂಡಿದ್ದು ಈ ಬಂಧನವನ್ನೇ. ಕೋಟೆ ಬಿದ್ದ ಗದ್ದಲದಲ್ಲಿ ಸೆರೆಯಿಂದ ಪಾರಾದವರಲ್ಲಿ, ಆಮೇಲೆ ಕಂಪನಿಯ ಮೇಲೆ ಬಂಡೆದ್ದ ಧೋಂಡಿಯಾ ವಾಘನೂ ಒಬ್ಬ. ಕೋಟೆ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳೇ ಕೈದಿಗಳಾಗಿ ವೆಲ್ಲೂರಿಗೆ ಹೋದರು. ಬೇಡಿ ಕೈ ಬದಲಾಯಿಸಿತು, ಅಷ್ಟೆ.

ಸೆರೆಮನೆಗೆ ಬೈಲಿಯ ಹೆಸರಿರುವುದಕ್ಕೆ ಕಾರಣ, ಗೆದ್ದ ಮೇಲೆ ಕಥೆ ಬರೆದವರು ಅವನ ಕಡೆಯವರು. ತಮ್ಮವರ ಸೆರೆವಾಸದ ಕಥೆಗಳನ್ನು ಅವರು ಇಂಗ್ಲೆಂಡಿನಲ್ಲಿ ಅಚ್ಚು ಹಾಕಿಸಿ, ಯುದ್ಧಕ್ಕೆ ಸಮರ್ಥನೆಯಾಗಿಯೂ ಬಳಸಿಕೊಂಡರು. ನಮ್ಮವರಿಗೆ ಕಲ್ಲು ಹಾಕಿಸುವವರು ಇರಲಿಲ್ಲ. ಮಂಗಳೂರಿನಿಂದ ನಡೆದು ಬಂದ ತಾಯಂದಿರ ಹೆಸರಿನ ಒಂದು ಕಲ್ಲನ್ನೂ ನಾನು ದ್ವೀಪದಲ್ಲಿ ಕಂಡಿಲ್ಲ. ಅದಕ್ಕೇ ಉಳಿದಿರುವ ಈ ಒಂದೆರಡು ಸೆರೆಮನೆಗಳು ಅವರಿಗೂ ಸೇರಿದವು ಎಂದು ನಾನು ತಿಳಿದಿದ್ದೇನೆ. ಬೇರೆ ಗುರುತು ಅವರಿಗಿಲ್ಲ. ಇನ್ನೊಂದು ಸೆರೆಮನೆ, ಥಾಮಸ್ ಇನ್‌ಮನ್ ಡಂಜನ್, ಬೆಳಕಿಗೆ ಬಂದಿದ್ದೇ 1895ರಲ್ಲಿ. ಮೈಸೂರು ಲೋಕೋಪಯೋಗಿ ಇಲಾಖೆಯಲ್ಲಿದ್ದ ಇನ್‌ಮನ್ ಅದನ್ನು ಪತ್ತೆ ಮಾಡಿದ. ಒಂದು ನೂರು ವರ್ಷ ಮಣ್ಣಿನಡಿ ಇದ್ದು ಊರಿಗೇ ಮರೆತುಹೋಗಿತ್ತು ಎಂದರೆ, ಇಂಥ ಜಾಗಗಳು ಎಷ್ಟು ಸುಲಭವಾಗಿ ಇಲ್ಲವಾಗುತ್ತವೆ ನೋಡಿ.

ಈಗ ಈ ಸೆರೆಮನೆಗಳಿಗೆ ಕಂಟಕವಾಗಬಲ್ಲ ಕಲ್ಲು ಗಣಿಯ ಮಾತಿಗೆ ಬರುತ್ತೇನೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕು ಸೇರಿ ಪಾಂಡವಪುರ ಉಪವಿಭಾಗ. ಗಟ್ಟಿ ಬಂಡೆಯ ಸೀಮೆ. ಹೊಸಹೊಳಲಿನ ಗುಡಿಯೂ ಇಲ್ಲಿಯದೇ, ಜಲ್ಲಿ ಕ್ರಷರೂ ಇಲ್ಲಿಯದೇ. ಪಾಂಡವಪುರದ ಬೇಬಿಬೆಟ್ಟದ ಸುತ್ತ ಗಣಿಗಾರಿಕೆ ಬೆಳೆದು, ಬಂಡೆ ಸೀಳಲು ಮೆಗ್ಗರ್ ಬ್ಲಾಸ್ಟ್ ಎಂಬ ಭಾರಿ ಸ್ಫೋಟ ಮಾಡತೊಡಗಿದ ಮೇಲೆ ಸುತ್ತಲ ಹಳ್ಳಿಗಳವರು ಮನೆ ಅದುರುತ್ತದೆ, ಗೋಡೆ ಬಿರುಕು ಬಿಡುತ್ತದೆ ಎಂದು ಹೇಳುತ್ತಲೇ ಬಂದರು. 2018ರ ಸೆಪ್ಟೆಂಬರಿನಲ್ಲಿ ಕೆಆರ್‌ಎಸ್ (ಕನ್ನಂಬಾಡಿ) ಅಣೆಕಟ್ಟೆಯ ಸುತ್ತಮುತ್ತ ಭಾರಿ ಶಬ್ದ ಕೇಳಿಸಿದಾಗ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಕಲ್ಲು ಗಣಿಯ ಸ್ಫೋಟದ ಕಡೆಗೇ ಬೊಟ್ಟು ಮಾಡಿ, ಅಣೆಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಸ್ಫೋಟ ಬೇಡ ಎಂದಿತು. ಮುಂದೆ ಟ್ರಯಲ್ ಬ್ಲಾಸ್ಟ್ ಮಾಡಿ ಅಳೆಯುತ್ತೇವೆ ಎಂದು ತಂತ್ರಜ್ಞರು ಬಂದಾಗೆಲ್ಲ ರೈತರು ತಡೆದರು. 2024ರ ಜನವರಿಯಲ್ಲಿ ಹೈಕೋರ್ಟ್ ಆ 20 ಕಿ.ಮೀ. ವ್ಯಾಪ್ತಿಯ ಗಣಿಗಾರಿಕೆಗೆ ತಡೆ ಹಾಕಿತು.

ಆ ಗೆರೆ ಎಳೆದದ್ದು ಅಣೆಕಟ್ಟೆಗಾಗಿ. ಸರಿಯೇ. ಕನ್ನಂಬಾಡಿ ಕಟ್ಟೆ ಇಲ್ಲದೆ ಮಂಡ್ಯವಿಲ್ಲ. ಆದರೆ ಭೂಪಟ ತೆಗೆದು ನೋಡಿ: ಕಟ್ಟೆಯಿಂದ ಶ್ರೀರಂಗಪಟ್ಟಣ ನೇರ ಅಳತೆಯಲ್ಲಿ ಹನ್ನೆರಡು ಕಿ.ಮೀ. ಆಸುಪಾಸು. ಎರಡೂ ಸೆರೆಮನೆಗಳು, ಕೋಟೆಗೋಡೆ, ಗುಂಬಜ್, ಎಲ್ಲವೂ ಆ ಗೆರೆಯೊಳಗೇ ಬಂದಿವೆ. ಯಾರೂ ಅವುಗಳ ಹೆಸರೆತ್ತಿ ಕೇಳಿದ್ದಲ್ಲ. ಅಣೆಕಟ್ಟೆಯ ನೆರಳಿನಲ್ಲಿ ಸೆರೆಮನೆಗೂ ಒಂದಿಷ್ಟು ಆಸರೆ ಸಿಕ್ಕಿತು. ನಾಳೆ ತಜ್ಞರ ವರದಿಯೊಂದು ಬಂದು, ಇಂತಿಷ್ಟು ದೂರದಲ್ಲಿ ಸ್ಫೋಟಿಸಿದರೆ ಕಟ್ಟೆಗೆ ಧಕ್ಕೆಯಿಲ್ಲ ಎಂದರೆ ಗೆರೆ ಕುಗ್ಗುತ್ತದೆ. ಆಗ ಈ ಇಟ್ಟಿಗೆ ಕಮಾನುಗಳ ಪರವಾಗಿ ಮಾತಾಡುವವರು ಯಾರು?

ಸಂರಕ್ಷಿತ ಸ್ಮಾರಕವಲ್ಲವೇ, ಕಾನೂನಿದೆಯಲ್ಲ ಎನ್ನಬಹುದು. ಇದೆ. ಎರಡು ಸೆರೆಮನೆಗಳೂ ಕೇಂದ್ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿವೆ. ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಮನೆ ಕಟ್ಟುವವರನ್ನು ತಡೆಯಲು ಆ ಅಳತೆ ಸಾಕು. ಬಂಡೆಯೊಳಗೆ ಹರಿದು ಬರುವ ಅದುರು 300ನೇ ಮೀಟರಿಗೆ ಬಂದು ನಿಂತುಬಿಡುತ್ತದೆಯೇ? ಕೆಆರ್‌ಎಸ್ ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ. ಸೆರೆಮನೆ ಅದಕ್ಕಿಂತ ನೂರೈವತ್ತು ವರ್ಷಕ್ಕೆ ಸಮೀಪ ಹಳೆಯದು, ಅದೂ ಗಾರೆಯದೇ. ಕಟ್ಟೆಯ ಗಾರೆಗೆ ಅಂಜಬೇಕಾದದ್ದು ಸೆರೆಮನೆಯ ಗಾರೆಗೂ ಅಂಜಬೇಕಾದದ್ದೇ.

ಕ್ರಷರನ್ನೇ ನಂಬಿ ಬದುಕುವ ಕೂಲಿಯವರಿದ್ದಾರೆ, ಲಾರಿಯವರಿದ್ದಾರೆ. ಅವರ ಅನ್ನದ ಮಾತನ್ನು ಹಗುರವಾಗಿ ಆಡಬಾರದು. ನನ್ನ ಮನೆಯ ತಳಪಾಯಕ್ಕೂ ಜಲ್ಲಿ ಬಂದದ್ದು ಇದೇ ಸೀಮೆಯಿಂದ. ಆದರೆ ಜಲ್ಲಿ ಬೇರೆ ಬೆಟ್ಟದಲ್ಲಿ ಸಿಗುತ್ತದೆ, ಕೆಲಸವನ್ನು ಬೇರೆ ಕಡೆ ಕೊಡಿಸಬಹುದು. ಒಮ್ಮೆ ಕುಸಿದ ಕಮಾನನ್ನು ಎತ್ತಿ ಕಟ್ಟಿದರೆ ಅದು ಹೊಸ ಕಟ್ಟಡ. ಅದರ ಕಲ್ಲಿಗೆ ಯಾರ ಕೈಯೂ ಬಿಗಿದಿರುವುದಿಲ್ಲ.

ಕೂಡಿ ಬಾಳುವ ದಾರಿ ಇದೆ ಎಂಬುದನ್ನು ಇದೇ ಊರು ತೋರಿಸಿದೆ. 1880ರ ದಶಕದಲ್ಲಿ ಮೈಸೂರಿಗೆ ರೈಲು ಬಂದಾಗ ಹಳಿ ಕೋಟೆಯನ್ನು ಸೀಳಿಕೊಂಡೇ ಹೋಯಿತು. ಕೇಳುವವರಿರಲಿಲ್ಲ. ನೂರಮೂವತ್ತು ವರ್ಷದ ನಂತರ ಜೋಡಿ ಹಳಿಗೆ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂತು. ಈ ಸಲ ಒಡೆಯಲಿಲ್ಲ. ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಅಡಿಪಾಯ ಸಮೇತ ಎತ್ತಿ, 2017ರಲ್ಲಿ ನೂರು ಮೀಟರಿಗೂ ಆಚೆ ಜರುಗಿಸಿ ಕೂರಿಸಿದರು. ಕೆಲಸ ವರ್ಷಗಟ್ಟಲೆ ತಡವಾಯಿತು, ಕೋಟಿಗಟ್ಟಲೆ ಖರ್ಚಾಯಿತು. ರೈಲು ಇಂದು ಓಡುತ್ತಿದೆ, ಮದ್ದಿನ ಮನೆಯೂ ಇದೆ. ನೆಲದೊಳಗಿನ ಸೆರೆಮನೆಯನ್ನು ಹಾಗೆ ಎತ್ತಿ ಇಡಲು ಬರುವುದಿಲ್ಲ. ಅದನ್ನು ಇದ್ದಲ್ಲೇ ಕಾಯಬೇಕು.

ಮದ್ದಿನ ಮನೆ ಎಂದರೆ ಶೌರ್ಯ, ಅರಮನೆ ಎಂದರೆ ವೈಭವ. ಉಳಿಸಿಕೊಳ್ಳಲು ಮನಸ್ಸು ತಾನಾಗಿ ಬರುತ್ತದೆ. ಸೆರೆಮನೆ ಯಾರಿಗೂ ಹೆಮ್ಮೆ ತರುವ ಜಾಗವಲ್ಲ. ಟಿಪ್ಪುವನ್ನು ಮೆಚ್ಚುವವರಿಗೆ ಅದು ಮುಜುಗರ, ಮೆಚ್ಚದವರಿಗೆ ವಾದದ ಸರಕು. ನಡುವೆ ಅದು ಬರಿದೇ ನಿಂತಿದೆ. ಮನುಷ್ಯ ಮನುಷ್ಯನನ್ನು ಗೋಡೆಗೆ ಕಟ್ಟಿಹಾಕಿದ್ದು ನಮ್ಮ ಊರಿನಲ್ಲೂ ನಡೆದಿತ್ತು ಎನ್ನುವುದಕ್ಕೆ ಆ ಕಲ್ಲಿನ ತೂತುಗಳು ಸಾಕ್ಷಿ. ಒಬ್ಬ ಇನ್ನೊಬ್ಬನ ಬೇಡಿ ಹೊತ್ತಿದ್ದನೆಂಬುದನ್ನು ನೆನೆಯಲು ನಮಗಿರುವ ಜಾಗವೂ ಅದೇ. ಶಾಲೆಯ ಮಕ್ಕಳನ್ನು ಬೃಂದಾವನಕ್ಕೆ ಕರೆದೊಯ್ಯುವ ಮೇಷ್ಟ್ರುಗಳು ಅರ್ಧ ಗಂಟೆ ಇಲ್ಲೂ ನಿಲ್ಲಿಸಲಿ ಎಂದು ನನ್ನ ಆಸೆ. ಒಕ್ಕಲು ಹುಟ್ಟುವುದು ಹಾಗೆಯೇ, ನಡೆದುಕೊಂಡು.

ಸರ್ಕಾರಕ್ಕೆ, ತಜ್ಞರಿಗೆ ನನ್ನದು ಒಂದೇ ಕೋರಿಕೆ. ಗಣಿಯ ಅದುರನ್ನು ಅಳೆಯುವ ಯಂತ್ರಗಳನ್ನು ಕನ್ನಂಬಾಡಿ ಕಟ್ಟೆಯ ಮೇಲೆ ಇಡುವಾಗ, ಒಂದನ್ನು ತಂದು ಆ ಸೆರೆಮನೆಯ ನೆಲದ ಮೇಲೂ ಇಡಿ, ಬಿದ್ದಲ್ಲೇ ಇರುವ ಫಿರಂಗಿಯ ಪಕ್ಕದಲ್ಲಿ. ಅದು ತೋರಿಸುವ ಅಂಕಿಯನ್ನೂ ವರದಿಯಲ್ಲಿ ಬರೆಯಿರಿ.