ಕಾರಣ ಕೇಳುವ ಹೊತ್ತು

ನೆಟ್‌ವರ್ಕ್ ಕೆಲಸದಲ್ಲಿರುವವರಿಗೆ ಡಂಪ್ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆಯ ಕೊಠಡಿಯಿಂದ ಯಾರೋ ಕದ್ದು ಹೊರತಂದ ಪ್ರಶ್ನೆಗಳು, ಅವುಗಳ ಪಕ್ಕದಲ್ಲೇ ಉತ್ತರಗಳು, ದುಡ್ಡು ಕೊಟ್ಟರೆ ಸಿಗುವ ಫೈಲು. ಸಿಸಿಐಇಯಂಥ ಉನ್ನತ ಪರೀಕ್ಷೆಗೂ ಅದು ಮಾರಾಟಕ್ಕಿದೆ. ಇಡೀ ಲ್ಯಾಬ್‌ನ ನಕ್ಷೆ, ಯಾವ ರೂಟರ್‌ನಲ್ಲಿ ಯಾವ ಸಾಲು ಟೈಪ್ ಮಾಡಬೇಕೆಂಬ ಪಟ್ಟಿ, ಎಲ್ಲವೂ. ನನ್ನ ಜೊತೆ ಕೆಲಸ ಮಾಡುವ ಹುಡುಗರು ಇದನ್ನು ಮುಚ್ಚಿಡುವುದೂ ಇಲ್ಲ. “ಸರ್, ಮೊದಲು ಪಾಸಾಗಿಬಿಡ್ತೀನಿ. ಆಮೇಲೆ ಕೆಲಸ ಮಾಡ್ತಾ ಮಾಡ್ತಾ ಕಲ್ಕೊಳ್ತೀನಿ” ಅನ್ನುತ್ತಾರೆ. ಗದರಿಸಿ ಸುಮ್ಮನಾಗಿಸುವ ಮಾತಲ್ಲ ಇದು. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧಕ್ಕೂ ಉಳಿದರ್ಧಕ್ಕೂ ಉತ್ತರ ಹೇಳಬೇಕು.

ಸಿಸ್ಕೊ ಕಂಪನಿ ಸಿಸಿಐಇ ಪರೀಕ್ಷೆಯನ್ನು ಆರಂಭಿಸಿದ್ದು 1993ರಲ್ಲಿ. ಮೊದಲು ಲ್ಯಾಬ್ ಪರೀಕ್ಷೆ ಎರಡು ದಿನ ನಡೆಯುತ್ತಿತ್ತು, 2001ರಿಂದ ಒಂದೇ ದಿನಕ್ಕೆ ಇಳಿಯಿತು. ಈಗ ಎಂಟು ಗಂಟೆ: ವಿನ್ಯಾಸಕ್ಕೆ ಮೂರು, ಕಟ್ಟಿ ನಡೆಸಿ ದೋಷ ಹುಡುಕಲು ಐದು. 2020ರಲ್ಲಿ ಪಠ್ಯ ಬದಲಾದಾಗ ಲ್ಯಾಬ್ ಶುಲ್ಕ 1,600 ಡಾಲರ್ ಇತ್ತು, ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಮೇಲೆ. ಪ್ರಪಂಚದಲ್ಲಿ ಬೆರಳೆಣಿಕೆಯ ಊರುಗಳಲ್ಲಿ ಮಾತ್ರ ಇದರ ಖಾಯಂ ಕೇಂದ್ರಗಳಿವೆ; ಅವುಗಳಲ್ಲಿ ಬೆಂಗಳೂರು ಒಂದು. ಪಾಸಾದವರೂ ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಕಟ್ಟುವ ಭಾಗದಲ್ಲಿ ಕಂಪನಿಯ ಕೈಪಿಡಿಗಳನ್ನು ತೆರೆದು ನೋಡಬಹುದು ಎನ್ನುವುದು ಗಮನಿಸಬೇಕಾದ ಸಂಗತಿ. ಹಾಗಾದರೆ ಅಲ್ಲಿ ಪರೀಕ್ಷೆಗೆ ನಿಂತಿರುವುದು ನೆನಪಿನ ಶಕ್ತಿಯಲ್ಲ. ಎದುರಿಗಿರುವುದನ್ನು ನೋಡಿ, ಊಹಿಸಿ, ಊಹೆಯನ್ನು ಪರೀಕ್ಷಿಸಿ, ತಪ್ಪಾದರೆ ಬಿಟ್ಟುಕೊಡುವ ಬುದ್ಧಿ.

ಇದು ಕೆಲಸದಲ್ಲಿ ಹೇಗೆ ಕಾಣುತ್ತದೆಂದು ಹೇಳುತ್ತೇನೆ. ಎರಡು ರೂಟರ್‌ಗಳ ನಡುವೆ, ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ಓಎಸ್‌ಪಿಎಫ್ ಎಂಬ ಪ್ರೊಟೊಕಾಲ್ ಹಾಕಿದ್ದೀರಿ. ಹಲೋ ಪ್ಯಾಕೆಟ್‌ಗಳು ಹೋಗಿ ಬರುತ್ತಿವೆ, ಒಂದರ ಗುರುತು ಇನ್ನೊಂದಕ್ಕೆ ಸಿಕ್ಕಿದೆ. ಆದರೂ ನೈಬರ್, ಅಂದರೆ ಪಕ್ಕದ ರೂಟರ್‌ನೊಂದಿಗಿನ ಸಂಬಂಧ, ‘ಎಕ್ಸ್‌ಸ್ಟಾರ್ಟ್’ ಹಂತ ಬಿಟ್ಟು ಮುಂದೆ ಹೋಗುತ್ತಿಲ್ಲ. ಡಂಪ್ ಓದಿದವನಿಗೆ ಇದರ ಉತ್ತರ ಗೊತ್ತು. ‘ಎಂಟಿಯು ಇಗ್ನೋರ್’ ಎಂಬ ಒಂದು ಸಾಲು ಹಾಕುತ್ತಾನೆ. ನೈಬರ್ ‘ಫುಲ್’ ಎಂದು ತೋರಿಸುತ್ತದೆ. ಟಿಕೆಟ್ ಮುಚ್ಚುತ್ತದೆ.

ನಿಜವಾಗಿ ಅಲ್ಲಿ ಆಗಿರುವುದೇನು? ಎಂಟಿಯು ಅಂದರೆ ಒಂದು ಲಿಂಕ್ ಮೇಲೆ ಒಂದೇ ಸಲಕ್ಕೆ ದಾಟಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರ. ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 1500 ಬೈಟ್. ಒಂದು ತುದಿಯಲ್ಲಿ 1500 ಇದ್ದು ಇನ್ನೊಂದು ತುದಿಯಲ್ಲಿ ಯಾರೋ 1400 ಇಟ್ಟಿದ್ದಾರೆ. ಹಲೋ ಪ್ಯಾಕೆಟ್ ಚಿಕ್ಕದು, ತೊಂದರೆಯಿಲ್ಲದೆ ದಾಟುತ್ತದೆ. ಮುಂದಿನ ಹಂತದಲ್ಲಿ ರೂಟರ್‌ಗಳು ತಮ್ಮ ತಮ್ಮ ಎಂಟಿಯು ತಿಳಿಸುತ್ತವೆ. ತನ್ನಿಂದ ಸ್ವೀಕರಿಸಲಾಗದಷ್ಟು ದೊಡ್ಡ ಗಾತ್ರವನ್ನು ಆ ಕಡೆಯದು ಹೇಳಿದರೆ ಈ ಕಡೆಯದು ಆ ಪ್ಯಾಕೆಟ್ಟನ್ನು ನಿರಾಕರಿಸಬೇಕು. ಜಾನ್ ಮೊಯ್ 1998ರಲ್ಲಿ ಬರೆದ ಆರ್‌ಎಫ್‌ಸಿ 2328 ಎಂಬ 244 ಪುಟಗಳ ದಾಖಲೆಯಲ್ಲೇ ಈ ನಿಯಮವಿದೆ. ನೈಬರ್ ನಿಂತುಹೋಗಿದ್ದು ಕೆಟ್ಟುಹೋಗಿ ಅಲ್ಲ, ‘ಈ ದಾರಿಯಲ್ಲಿ ಏನೋ ಸರಿಯಿಲ್ಲ’ ಎಂದು ಹೇಳಲು. ಆ ಒಂದು ಸಾಲು ಅದರ ಬಾಯಿ ಮುಚ್ಚಿಸುತ್ತದೆ, ಲಿಂಕನ್ನು ಸರಿಪಡಿಸುವುದಿಲ್ಲ. ಇನ್ನು ಮೇಲೆ ಚಿಕ್ಕ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ಸದ್ದಿಲ್ಲದೆ ಬಿದ್ದುಹೋಗಬಹುದು. ಪಿಂಗ್ ಚೆನ್ನಾಗಿಯೇ ಬರುತ್ತದೆ.

ಇದೇ ಲಿಂಕ್ ಒಂದು ಆಸ್ಪತ್ರೆಯ ಎರಡು ಕಟ್ಟಡಗಳ ನಡುವೆ ಇದೆ ಎಂದುಕೊಳ್ಳಿ. ಡಾಕ್ಟರು ಲಾಗಿನ್ ಆಗುತ್ತಾರೆ, ರೋಗಿಯ ಹೆಸರು ಕಾಣುತ್ತದೆ, ಸ್ಕ್ಯಾನ್ ಚಿತ್ರ ಮಾತ್ರ ಸುತ್ತುತ್ತಲೇ ಇರುತ್ತದೆ, ತೆರೆಯುವುದಿಲ್ಲ. ಅವರು ದೂರು ಕೊಡುತ್ತಾರೆ. ನಮ್ಮ ಕಡೆಯಿಂದ “ನೆಟ್‌ವರ್ಕ್ ಚೆನ್ನಾಗಿದೆ, ಪಿಂಗ್ ಬರ್ತಿದೆ” ಎಂಬ ಉತ್ತರ ಹೋಗುತ್ತದೆ. ಆ ಉತ್ತರ ಬರೆದವನು ಸುಳ್ಳು ಹೇಳುತ್ತಿಲ್ಲ, ತನಗೆ ಗೊತ್ತಿಲ್ಲ ಎಂಬುದೇ ಅವನಿಗೆ ಗೊತ್ತಿಲ್ಲ. ಡಂಪ್ ಕದ್ದ ಮಾಲು ಎಂಬುದಕ್ಕಿಂತ ದೊಡ್ಡ ತಪ್ಪು ಇಲ್ಲಿದೆ ಎಂದು ನನ್ನ ನಂಬಿಕೆ. ಅದು ಉತ್ತರ ಕೊಟ್ಟು ಪ್ರಶ್ನೆಯನ್ನು ಕಿತ್ತುಕೊಳ್ಳುತ್ತದೆ. ಮೊಯ್ ಬರೆದದ್ದನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. ತಪ್ಪು ಕಂಡರೆ ತಿಳಿಸಬಹುದು, ತಿದ್ದುಪಡಿಗಳ ಪಟ್ಟಿ ಎಲ್ಲರಿಗೂ ಕಾಣುವಂತೆ ಇರುತ್ತದೆ. 1969ರ ಏಪ್ರಿಲ್‌ನಲ್ಲಿ ಸ್ಟೀವ್ ಕ್ರಾಕರ್ ಮೊದಲ ಆರ್‌ಎಫ್‌ಸಿ ಬರೆದಾಗಿನಿಂದ ಅಂತರ್ಜಾಲ ಬೆಳೆದದ್ದು ಹೀಗೆ, ಬರೆದು, ಹಂಚಿ, ಟೀಕೆ ಕೇಳಿ. ಡಂಪ್ ಬರೆದವನ ಹೆಸರಿಲ್ಲ. ಅದರಲ್ಲಿ ತಪ್ಪಿದ್ದರೆ ಕೇಳಲು ಒಂದು ಬಾಗಿಲೂ ಇಲ್ಲ.

ಪರೀಕ್ಷಿಸದ ನಂಬಿಕೆ ಎಷ್ಟು ದೂರ ಹಬ್ಬುತ್ತದೆ ಎಂಬುದನ್ನು ನಮ್ಮ ವೃತ್ತಿಯ ಇತಿಹಾಸವೇ ತೋರಿಸಿದೆ. ನೆರೆಯವರು ಹೇಳಿದ ದಾರಿಯನ್ನು ನಂಬುವುದು, ಜಾಲಗಳ ನಡುವೆ ದಾರಿ ಹಂಚುವ ಬಿಜಿಪಿಯ ಸ್ವಭಾವ, ಪರಿಶೀಲನೆ ಮನುಷ್ಯ ಹಾಕುವ ಫಿಲ್ಟರ್‌ನ ಕೆಲಸ. 2008ರ ಫೆಬ್ರುವರಿ 24ರಂದು, ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲೆಂದು ಪಾಕಿಸ್ತಾನ್ ಟೆಲಿಕಾಂ ಹಾಕಿಕೊಂಡ ರೂಟ್ ಹೊರಗೆ ಸೋರಿತು. ಅದಕ್ಕೆ ಹೊರಜಗತ್ತಿನ ಸಂಪರ್ಕ ಕೊಡುತ್ತಿದ್ದ ಕಂಪನಿ ಆ ರೂಟನ್ನು ಸೋಸದೆ ಜಗತ್ತಿಗೆ ಹಂಚಿತು. ಸುಮಾರು ಎರಡು ತಾಸು ಪ್ರಪಂಚದ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. 2021ರ ಅಕ್ಟೋಬರ್ 4ರಂದು, ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿದ ಹೊತ್ತು, ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಒಟ್ಟಿಗೇ ನಿಂತವು. ನಿರ್ವಹಣೆಗೆಂದು ಕೊಟ್ಟ ಒಂದು ಆದೇಶ ಅವರ ಇಡೀ ಬೆನ್ನೆಲುಬು ಜಾಲವನ್ನೇ ಬೀಳಿಸಿತ್ತು. ಅಂಥ ಆದೇಶವನ್ನು ತಡೆಯಬೇಕಾದ ತಪಾಸಣಾ ಸಾಧನದಲ್ಲೇ ದೋಷವಿತ್ತು. ಆರೇಳು ತಾಸು ಹೋಯಿತು. ಆ ಕಂಪನಿಯ ಬಗ್ಗೆ ನನಗೆ ಬೇರೆ ತಕರಾರುಗಳಿದ್ದರೂ, ಮರುದಿನವೇ ಅದರ ಎಂಜಿನಿಯರಿಂಗ್ ವಿಭಾಗ ಆದದ್ದನ್ನು ಹಂತ ಹಂತವಾಗಿ ಬರೆದು ಪ್ರಕಟಿಸಿತು, ಯಾವೊಬ್ಬ ನೌಕರನ ಮೇಲೂ ಹೊರಿಸಲಿಲ್ಲ ಎಂಬುದನ್ನು ಹೇಳಲೇಬೇಕು.

ನಂಬುವ ಮೊದಲು ಪರೀಕ್ಷಿಸಬೇಕೆಂಬ ಮಾತು ನಮ್ಮ ವೃತ್ತಿಗಷ್ಟೇ ಸೇರಿದ್ದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿ ರಚಿಸಿದ್ದು 1976ರಲ್ಲಿ. ಅದೇ ವರ್ಷದ 42ನೇ ತಿದ್ದುಪಡಿ ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಪ್ರವೃತ್ತಿ ಇವುಗಳನ್ನು ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನದಲ್ಲಿ ಬರೆಯಿತು. ಮಾನವೀಯತೆಯೂ ಪ್ರಶ್ನೆಯೂ ಅಲ್ಲಿ ಒಂದೇ ವಾಕ್ಯದಲ್ಲಿವೆ. ನಮ್ಮ ವೃತ್ತಿಯಲ್ಲೂ ರಾಹುಕಾಲ ನೋಡಿ ಲ್ಯಾಬ್ ದಿನಾಂಕ ಬುಕ್ ಮಾಡುವವರಿದ್ದಾರೆ. ಅವರೊಂದಿಗೆ ವಾದಿಸುತ್ತೇನೆ, ವಾದಿಸಬೇಕು. ಆದರೆ “ರೀಲೋಡ್ ಮಾಡಿದೆ, ಸರಿಹೋಯ್ತು” ಎಂದು ಕಾರಣ ಬರೆಯದೆ ಟಿಕೆಟ್ ಮುಚ್ಚುವ ರೂಢಿಯೂ ಮೂಢನಂಬಿಕೆಯೇ. ಅದರಲ್ಲಿ ದೇವರಿಲ್ಲದ ಕಾರಣ ಯಾರೂ ಅದನ್ನು ಹಾಗೆ ಗುರುತಿಸುವುದಿಲ್ಲ.

“ಆಮೇಲೆ ಕಲ್ಕೊಳ್ತೀನಿ” ಎನ್ನುವ ಹುಡುಗನಿಗೆ ನಾನು ಹೇಳುವುದು ಇದು. ಪಾಸಾಗಿ ಸಿಸಿಐಇ ನಂಬರ್ ಬಂದ ಮೇಲೆ ನಿನಗೆ ಎಲ್ಲ ಗೊತ್ತಿದೆ ಎಂದು ಜನ ನಂಬುತ್ತಾರೆ. ಬ್ರಿಡ್ಜ್ ಕಾಲ್‌ನಲ್ಲಿ ನಲವತ್ತು ಮಂದಿ ನಿನ್ನ ಮಾತಿಗೆ ಕಾಯುತ್ತಿರುವಾಗ “ಇದು ನನಗೆ ಗೊತ್ತಿಲ್ಲ” ಎನ್ನುವ ಧೈರ್ಯ ಎಲ್ಲಿಂದ ತರುತ್ತೀ? ಇವತ್ತು ಕೇಳಿದರೆ ಅದು ಕಲಿಯುವವನ ಪ್ರಶ್ನೆ, ಅವತ್ತು ಕೇಳಿದರೆ ಬಯಲಾದ ಗುಟ್ಟು. ಕೇಳಲಾರದವನು ಕಲಿಯಲಾರ. ನಿನ್ನ ಪಕ್ಕದಲ್ಲೇ ಎರಡು ವರ್ಷ ರಾತ್ರಿ ಕೂತು ಓದಿದವನನ್ನೂ ನಾಳೆ ಇಂಟರ್‌ವ್ಯೂನಲ್ಲಿ ಸಂಶಯದಿಂದ ನೋಡುತ್ತಾರೆ. ಅವನಿಗೆ ಆ ಅವಮಾನವನ್ನು ಕೊಡುವ ಹಕ್ಕು ನಿನಗಿಲ್ಲ.

ಇನ್ನು ಅವನ ಮಾತಿನಲ್ಲಿರುವ ಸತ್ಯ. ಅವನಿಗೆ ಸಮಯವಿಲ್ಲ. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ, ಔಟರ್ ರಿಂಗ್ ರೋಡ್‌ನ ಟ್ರಾಫಿಕ್‌ನಲ್ಲಿ ಕ್ಯಾಬ್‌ನೊಳಗೆ ಕಳೆಯುವ ಗಂಟೆಗಳು, ಮಲಗಿದಾಗ ಬರುವ ಆನ್‌ಕಾಲ್ ಫೋನು. ಪ್ರಮಾಣಪತ್ರ ಬೇಕೆನ್ನುವುದು ಅವನೊಬ್ಬನೇ ಅಲ್ಲ. ಟೆಂಡರ್‌ಗಳಲ್ಲಿ ಪ್ರಮಾಣಿತ ಎಂಜಿನಿಯರ್‌ಗಳ ಸಂಖ್ಯೆ ಕೇಳುತ್ತಾರೆ, ಉಪಕರಣ ಕಂಪನಿಗಳು ಪಾಲುದಾರರಿಗೆ ದರ್ಜೆ ಕೊಡುವಾಗಲೂ ಆ ಲೆಕ್ಕ ನೋಡುತ್ತವೆ. ಅವನ ನಂಬರ್‌ನಿಂದ ಕಂಪನಿಗೆ ವ್ಯಾಪಾರ ಬರುತ್ತದೆ. ಓದಿನ ಗಂಟೆಗಳು ಮಾತ್ರ ಅವನ ನಿದ್ದೆಯಿಂದ ಬರಬೇಕು. ನಿದ್ದೆಗೆಟ್ಟ ಅದೇ ಮನುಷ್ಯನ ಕೈಗೆ ರಾತ್ರಿ ಎರಡು ಗಂಟೆಯ ಚೇಂಜ್ ವಿಂಡೋದಲ್ಲಿ ಕೋರ್ ರೂಟರ್ ಕೊಡುತ್ತೇವೆ. ಡಂಪ್ ಕೊಂಡವನನ್ನು ನಾನು ಕ್ಷಮಿಸಲಾರೆ, ಆದರೆ ಅವನನ್ನು ಅಲ್ಲಿಗೆ ತಳ್ಳಿದ ವ್ಯವಸ್ಥೆಗೆ ಅವನತ್ತ ಬೆರಳು ಮಾಡುವ ಯೋಗ್ಯತೆಯಿಲ್ಲ.

ಇನ್ನೂ ಒಂದು ಅನ್ಯಾಯವಿದೆ. “ನಾಲ್ಕಕ್ಕೆ ಎದ್ದು ಓದು, ಭಾನುವಾರ ಇಡೀ ದಿನ ಲ್ಯಾಬ್ ಮಾಡು” ಎಂದು ಪಾಸಾದವರು ಉಪದೇಶಿಸುತ್ತಾರೆ. ಆ ಭಾನುವಾರ ಅನ್ನ ಮಾಡಿದವರು ಯಾರು, ಜ್ವರ ಬಂದ ಮಗುವಿನ ಪಕ್ಕ ಕೂತವರು ಯಾರು ಎಂಬುದು ಅವರ ಸಾಧನೆಯ ಕಥೆಯಲ್ಲಿ ಬರುವುದಿಲ್ಲ. ನನ್ನೊಡನೆ ಕೆಲಸ ಮಾಡಿದ ಹೆಣ್ಣುಮಕ್ಕಳಲ್ಲಿ ಪ್ಯಾಕೆಟ್ ಕ್ಯಾಪ್ಚರ್ ಓದುವುದರಲ್ಲಿ ನನಗಿಂತ ಚುರುಕಾದವರು ಸಿಸಿಐಇಗಿಂತ ಕೆಳಗಿನ ಹಂತವಾದ ಸಿಸಿಎನ್‌ಪಿಗೇ ನಿಂತುಬಿಟ್ಟಿದ್ದಾರೆ. ಅವರು ಮನೆಗೆ ಹೋದರೆ ಇನ್ನೊಂದು ಪಾಳಿ ಶುರುವಾಗುತ್ತಿತ್ತು. ಸ್ವಿಚಿಂಗ್ ಕಲಿಯುವ ಪ್ರತಿಯೊಬ್ಬರೂ ಮೊದಲ ಪಾಠದಲ್ಲೇ ಓದುವ ಸ್ಪ್ಯಾನಿಂಗ್ ಟ್ರೀಯನ್ನು 1985ರಲ್ಲಿ ರೂಪಿಸಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಸಾಮರ್ಥ್ಯದ ಬಗ್ಗೆ ಯಾರಿಗಾದರೂ ಅನುಮಾನವಿದ್ದರೆ ಅದು ಅಲ್ಲಿಗೇ ಮುಗಿಯಬೇಕು. ಉಳಿಯುವುದು ಮನೆಗೆಲಸ ಹಂಚಿಕೊಳ್ಳುವ ಪ್ರಶ್ನೆ, ಅದನ್ನು ಗಂಡಂದಿರು ಉತ್ತರಿಸಬೇಕು.

ಕಂಪನಿಗಳು ಉತ್ತರಿಸಬೇಕಾದದ್ದು ಕಷ್ಟದ್ದೇನೂ ಅಲ್ಲ. ವಾರಕ್ಕೆ ನಾಲ್ಕು ಗಂಟೆ ಓದಿಗೆಂದು ಪಾಳಿಯ ಪಟ್ಟಿಯಲ್ಲೇ ಬರೆಯಲಿ, ಆ ಹೊತ್ತಿನಲ್ಲಿ ಫೋನ್ ಬೇರೆಯವರು ಎತ್ತಲಿ. ಮೂಲೆಯಲ್ಲಿರುವ ಒಂದು ಹಳೆಯ ಸರ್ವರ್‌ನಲ್ಲಿ ಇವಿಇ-ಎನ್‌ಜಿ ಅಥವಾ ಜಿಎನ್‌ಎಸ್3ನಂಥ, ನೆಟ್‌ವರ್ಕನ್ನು ಅನುಕರಿಸುವ ತಂತ್ರಾಂಶ ಹಾಕಿ ಕೊಟ್ಟರೆ ಹುಡುಗರು ಲಿಂಕ್ ಕಡಿದು, ಲೂಪ್ ಮಾಡಿ, ತಪ್ಪು ಎಂಟಿಯು ಇಟ್ಟು ಕಲಿಯಬಹುದು, ಯಾರ ಸ್ಕ್ಯಾನ್ ಚಿತ್ರವೂ ನಿಲ್ಲುವುದಿಲ್ಲ. ಪರೀಕ್ಷಾ ಶುಲ್ಕವನ್ನು ಪಾಸಾದ ಮೇಲೆ ಕೊಡುವ ಪದ್ಧತಿಯನ್ನು ಬಿಡಲಿ. ಫೇಲಾದರೆ ಲಕ್ಷ ರೂಪಾಯಿ ಹೋಗುತ್ತದೆಂಬ ಹೆದರಿಕೆಯೇ ಎಷ್ಟೋ ಮಂದಿಯನ್ನು ಡಂಪ್ ಮಾರುವವನ ಹತ್ತಿರ ಕಳಿಸುತ್ತದೆ. ಇಂಟರ್‌ವ್ಯೂನಲ್ಲಿ ನಾನು ಕಮಾಂಡ್ ಕೇಳುವುದನ್ನು ನಿಲ್ಲಿಸಿದ್ದೇನೆ. ಒಂದು ಕೆಟ್ಟ ಲಿಂಕ್ ತೋರಿಸಿ, “ಮೊದಲು ಏನು ನೋಡ್ತೀರಿ, ಯಾಕೆ?” ಎಂದು ಕೇಳುತ್ತೇನೆ. “ಗೊತ್ತಿಲ್ಲ, ಹೀಗೆ ನೋಡಿದರೆ ತಿಳಿಯಬಹುದು” ಎಂದವರನ್ನು ತೆಗೆದುಕೊಂಡು ನಾನು ಪಶ್ಚಾತ್ತಾಪಪಟ್ಟಿಲ್ಲ.

ಕಲಿಸಿದರೆ ಬಿಟ್ಟುಹೋಗುತ್ತಾರೆ ಎಂದು ಮ್ಯಾನೇಜರ್‌ಗಳು ಹೇಳುತ್ತಾರೆ. ಕೆಲವರು ಹೋಗುತ್ತಾರೆ, ನಿಜ. ನಮ್ಮಲ್ಲಿಗೆ ಬರುವವರೂ ಬೇರೆಲ್ಲೋ ಯಾರೋ ಕಲಿಸಿ ಕಳಿಸಿದವರೇ. ಕಲಿಸದೆ ಉಳಿಸಿಕೊಂಡವರಿಂದ ಆ ಆಸ್ಪತ್ರೆಯ ಲಿಂಕ್‌ಗೆ ಏನಾಗುತ್ತದೆ ಎಂಬುದನ್ನೂ ಅವರು ಅದೇ ಲೆಕ್ಕದಲ್ಲಿ ಸೇರಿಸಿ ನೋಡಲಿ.