ಇಂದಿನ ಧಮ್ಮ ಚಿಂತನೆ: ಕೀ ಕೊಟ್ಟ ಕೋಳಿಮರಿ



ಹೋದ ಭಾನುವಾರ ಬಾಡಿಗೆ ಮನೆ ನೋಡಲು ಹೋಗಿದ್ದೆ. ಮನೆ ಹಿಡಿಸಿತು, ಅಡ್ವಾನ್ಸ್ ಮಾತೂ ಮುಗಿಯಿತು. ಆಮೇಲೆ ಮಾಲೀಕರು ಕೇಳಿದರು, "ನೀವು ಯಾವ ಜನ?" ಬೌದ್ಧರು ಅಂದೆ. "ಅಲ್ಲ, ಅದಕ್ಕೂ ಮುಂಚೆ?" ಹೇಳಿದೆ. ಮನೆಯನ್ನು ಬೇರೆ ಯಾರಿಗೋ ಮಾತು ಕೊಟ್ಟಿರುವುದು ಅವರಿಗೆ ಆಗ ನೆನಪಾಯಿತು. ಏನೂ ಅನ್ನದೆ ಮೆಟ್ಟಿಲು ಇಳಿದು ಬಂದೆ.

ಇತ್ತ ಎಂಟು ವರ್ಷದ ಮಗ, ಸಂತೆಯಲ್ಲಿ ತಂದ ಕೀ ಕೊಡುವ ಕೋಳಿಮರಿಯನ್ನು ನೆಲದ ಮೇಲೆ ಬಿಟ್ಟು ಆಡುತ್ತಿದ್ದ. ಅದರ ಟರ್ ಟರ್ ಸದ್ದಿಗೆ ತಲೆ ಕೆಟ್ಟಿತು. ಕಿತ್ತುಕೊಂಡು ಗೋಡೆಗೆ ಎಸೆದೆ. ಮಗನ ಬೆನ್ನಿಗೂ ಒಂದು ಬಿತ್ತು.

ರಾತ್ರಿ ಅವನು ಮಲಗಿದ ಮೇಲೆ ಅದನ್ನು ಸರಿಮಾಡಲು ಕೂತೆ. ಒಳಗಿರುವುದು ತೆಳುವಾದ ಉಕ್ಕಿನ ಪಟ್ಟಿಯ ಸುರುಳಿ. ಕೀ ತಿರುವಿದಷ್ಟೂ ಅದು ಬಿಗಿಯಾಗುತ್ತದೆ. ಬಿಗಿದ ಉಕ್ಕಿಗೆ ಮೊದಲಿನಂತಾಗುವ ತವಕ. ನಮ್ಮ ಬೆರಳಿನ ಬಲ ಆ ತವಕದಲ್ಲಿ ಕೂತಿರುತ್ತದೆ. ಸ್ಪ್ರಿಂಗ್ ತಾನಾಗಿ ಶಕ್ತಿ ಹುಟ್ಟಿಸುವುದಿಲ್ಲ, ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ. ಪಕ್ಕದಲ್ಲಿ ಹಲ್ಲಿನ ಚಕ್ರಗಳು, ಕೊನೆಗೆ ಅತ್ತಿತ್ತ ಅಲ್ಲಾಡುವ ಒಂದು ಪುಟ್ಟ ತುಣುಕು. ಕೊನೆಯ ಚಕ್ರವನ್ನು ಅದು ಒಂದೊಂದೇ ಹಲ್ಲಿಗೆ ತಡೆದು ತಡೆದು ಬಿಡುತ್ತದೆ. ಟರ್ ಟರ್ ಸದ್ದು ಅದರದ್ದೇ. ಅದು ಜಾಗ ತಪ್ಪಿ ಸಿಕ್ಕಿಕೊಂಡಿತ್ತು. ನೋಡೋಣವೆಂದು ಒಂದು ಚಕ್ರ ಎತ್ತಿದೆ, ಸುರುಳಿ ಸರ್ರನೆ ಬಿಚ್ಚಿ ಬೆರಳಿಗೆ ಹೊಡೆಯಿತು. ಕೋಳಿಮರಿಯನ್ನು ಕೋಣೆಯ ಆ ತುದಿಗೆ ನಡೆಸಬೇಕಿದ್ದ ಬಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ನನಗೆ ಕೀ ಕೊಟ್ಟವರು ಆ ಮಾಲೀಕರು. ಏಟು ತಿಂದದ್ದು ಮಗ.

ಹೀಗೆ ಒಳಗೆ ಮಲಗಿ ಕಾಯುವುದನ್ನು ಪಾಲಿಯಲ್ಲಿ ಅನುಸಯ ಎನ್ನುತ್ತಾರೆ. ಬೌದ್ಧನಾದವನಿಗೆ ಸಿಟ್ಟೇ ಬರಬಾರದು ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. (ಅವರಿಗೆ ಸ್ವಂತ ಮನೆ ಇರಬೇಕು!) ನಾನು ಒಪ್ಪುವುದಿಲ್ಲ. 1917ರಲ್ಲಿ, ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಬಾಬಾಸಾಹೇಬರನ್ನು ದೊಣ್ಣೆ ಹಿಡಿದವರು ಬಂದು ಪಾರ್ಸಿ ವಸತಿಗೃಹದಿಂದ ಹೊರಹಾಕಿದರು. ಸ್ನೇಹಿತರೂ ಜಾಗ ಕೊಡಲಿಲ್ಲ. ರೈಲಿನ ಹೊತ್ತಿನವರೆಗೆ ಕಾಮಾಠಿ ಬಾಗ್ ಉದ್ಯಾನದಲ್ಲಿ ಕೂತರು. ಅದನ್ನು ನೆನೆದರೆ ಕಣ್ಣೀರು ಬರುತ್ತದೆಂದು ಎಷ್ಟೋ ವರ್ಷದ ಮೇಲೆ ಅವರೇ ಬರೆದಿದ್ದಾರೆ. ಅಂದರೆ ಸುರುಳಿ ಸಡಿಲಾಗಿರಲಿಲ್ಲ. ಆದರೆ ಬಿಟ್ಟದ್ದು ಹೇಗೆ ನೋಡಿ: 1920ರಲ್ಲಿ ಮೂಕನಾಯಕ ಪತ್ರಿಕೆ, 1927ರಲ್ಲಿ ಮಹಾಡದ ಕೆರೆ, 1935ರಲ್ಲಿ ಯೇವಲಾದ ಘೋಷಣೆ, ಆಮೇಲೆ ಸಂವಿಧಾನ, 1956ರಲ್ಲಿ ನಾಗಪುರದ ದೀಕ್ಷೆ. 39 ವರ್ಷ, ಒಂದೊಂದೇ ಹಲ್ಲು.

ನನಗೆ ಆ ಅಲ್ಲಾಡುವ ತುಣುಕು ಸದ್ಯಕ್ಕೆ ಆನಾಪಾನವೊಂದೇ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನಿಂತು ಹತ್ತು ಉಸಿರು ಗಮನಿಸುತ್ತಿದ್ದೇನೆ. ಸಿಟ್ಟು ಹೋಗಿಲ್ಲ, ಮಗನ ಮೇಲೆ ಹೋಗಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆಯೇ ಅವನ ಹತ್ತಿರ ತಪ್ಪಾಯಿತು ಕಣಪ್ಪ ಎಂದಿದ್ದೆ. ಕೋಳಿಮರಿ ನಡೆಯುತ್ತಿದೆ, ಸ್ವಲ್ಪ ಕುಂಟುತ್ತದೆ. ಈ ಭಾನುವಾರ ಮತ್ತೆ ಮನೆ ನೋಡಬೇಕು. ತಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದಾನೆ. "ಅದಕ್ಕೂ ಮುಂಚೆ?" ಎಂದು ಅವನ ಎದುರಿಗೇ ಕೇಳಿದರೆ ಏನು ಹೇಳಬೇಕು ಎಂದು ಯೋಚಿಸುತ್ತಿದ್ದೇನೆ.

ಜೈ ಭೀಮ್ 💙